ಬೆಡ್‌ಶೀಟಿನ ಆಚೆ ತುದಿ

ದೊಡ್ಡ ಬೆಡ್‌ಶೀಟುಗಳನ್ನು ಎಂದೂ ಒಬ್ಬಳೇ ಮಡಚುವುದಿಲ್ಲ ಎಂದು ಅವಳು ವರ್ಷಗಳ ಹಿಂದೆ ಅಕ್ಕನಿಗೆ ಮಾತು ಕೊಟ್ಟಿದ್ದಳು. ಈಗ ಅವಳು ದುಡಿಯುವ ಹೋಟೆಲಿನ ಲಾಂಡ್ರಿಯಲ್ಲೇ ದುಡಿದು ಸವೆದಿದ್ದ ಅಕ್ಕನ ಬಲಗೈ ಆಗಲೇ ತಲೆ ಬಾಚಿಕೊಳ್ಳುವಷ್ಟೂ ಮೇಲೇಳುತ್ತಿರಲಿಲ್ಲ. "ಶಭಾಷ್ ಅಂದವರು ಯಾರೂ ಭುಜ ಒತ್ತೋಕೆ ಬರಲ್ಲ ಕಣೇ" ಎಂದಿದ್ದಳು ಅಕ್ಕ.

ಇವತ್ತು ಜೊತೆಗಾತಿ ರಜೆ. ಡ್ರೈಯರಿನಿಂದ ತೆಗೆದ ಬೆಡ್‌ಶೀಟುಗಳು ಬಂಡಿ ತುಂಬಿ ಕೂತಿದ್ದವು. ಮ್ಯಾನೇಜರ್ ಬಾಗಿಲಲ್ಲೇ ನಿಂತು, "ನೀನು ಗಟ್ಟಿಗಿತ್ತಿ ಕಣಮ್ಮ, ಒಬ್ಬಳೇ ಇಬ್ಬರ ಸಮ. ಒಂದು ತುದಿ ಆ ಗೋಡೆಯ ಕೊಕ್ಕೆಗೆ ಸಿಕ್ಕಿಸಿ ಎಳೆದ್ರೆ ಆಯ್ತು" ಎಂದ. ಆಗಲ್ಲ ಎಂದರೆ ಸೋಮಾರಿ ಎಂಬ ಹೆಸರು ಖಂಡಿತ. ಅವಳ ಕೈ ಕೊಕ್ಕೆಯತ್ತ ಎದ್ದೇಬಿಟ್ಟಿತು. ಭುಜ ಚಳಕ್ಕೆಂದಿತು.

ಅವಳು ಕೈ ಇಳಿಸಿ, ಆ ತುದಿಯನ್ನು ಅವನತ್ತ ಚಾಚಿದಳು. "ಹಿಡ್ಕೊಳ್ಳಿ ಸಾರ್."

"ನಾನಾ?"

"ಕೊಕ್ಕೆಗಿಂತ ನೀವು ವಾಸಿ ಅಲ್ವಾ? ಇದು ಇಬ್ಬರ ಕೆಲಸ. ಎರಡು ಮೂಲೆ ಬಿಗಿಯಾಗಿ ಹಿಡೀರಿ."

ನಗಬೇಕೋ ಗದರಬೇಕೋ ತಿಳಿಯದೆ ಅವನು ಹಿಡಿದ. ಬಂಡಿ ಕಾಲುಭಾಗ ಖಾಲಿಯಾಗುವಷ್ಟರಲ್ಲಿ ಟೈ ಹೆಗಲಿನ ಹಿಂದಕ್ಕೆ ಹೋಗಿ, ಹಣೆ ಬೆವೆತಿತ್ತು. "ಅಯ್ಯಪ್ಪಾ, ದಿನಾ ಹೇಗಮ್ಮ ಮಾಡ್ತೀರಿ ಇದನ್ನ?" ಎನ್ನುತ್ತಾ ಜೇಬಿನ ಫೋನಿಗೆ ಕೈಹಾಕಿದ.

"ಬಿಡಬೇಡಿ ಸಾರ್, ನೆಲಕ್ಕೆ ತಾಗುತ್ತೆ!"

ಬೆಡ್‌ಶೀಟನ್ನು ಗದ್ದದಡಿ ಅವುಚಿಕೊಂಡೇ ಅವನು ಮೇಲಿನ ಮಹಡಿಗೆ ಫೋನು ಮಾಡಿದ: "ಯಾರನ್ನಾದ್ರೂ ಕೆಳಗೆ ಕಳಿಸ್ರೀ, ಈಗಲೇ." ಸ್ವಲ್ಪ ಹೊತ್ತಿಗೆ ಒಬ್ಬಾಕೆ ಅಂಗಿಯ ತೋಳು ಮಡಚುತ್ತಾ ಬಂದು ಆಚೆ ತುದಿ ಹಿಡಿದಳು.

ಅಂದು ಅವಳು ಒಂದನ್ನೂ ಒಬ್ಬಳೇ ಮಡಚಲಿಲ್ಲ. ಅಕ್ಕನಿಗೆ ಕೊಟ್ಟ ಮಾತು ಉಳಿಯಿತು.