ಮಾತಾಡುವ ಆಮೆಗಳ ನಾಲೆ

ನಮ್ಮ ನಾಲೆಯ ಆಮೆಗಳು ಮಾತಾಡುವುದಿಲ್ಲ. ಮಾತಾಡಿದರೆ ಅದು ಅಂಗಡಿಯಿಂದ ಬಂದ ಪರದೇಶಿ ತಳಿ, ಯಾರೋ ಸಾಕಿ ಕೈಬಿಟ್ಟದ್ದು ಎಂದೇ ಅರ್ಥ. ಅಂಥವನ್ನು ಗುರುತಿಸಿ ಬರೆದುಕೊಳ್ಳುವುದು ಪುಟ್ಟತಾಯಮ್ಮನ ಕೆಲಸ. ಬೆಳಿಗ್ಗೆಯಿಂದ ಮೆಟ್ಟಿಲ ಮೇಲೆ ಕೂತಿದ್ದಳು. "ಟಿವಿ ಹಾಕು" ಎಂದಿತು ಒಂದು. "ಹೋಂವರ್ಕ್ ಆಯ್ತಾ?" ಎಂದಿತು ಇನ್ನೊಂದು.

ಅಷ್ಟರಲ್ಲಿ ಒಬ್ಬಾತ ಸ್ಕೂಟರ್ ನಿಲ್ಲಿಸಿ, ಬಕೆಟ್ಟಿನಿಂದ ಆಮೆಯೊಂದನ್ನು ಎತ್ತಿದ. ಚಿಪ್ಪಿಗೆ ಅರಿಶಿನ ಕುಂಕುಮ ಹಚ್ಚಿತ್ತು.

"ನೀರಿಗೆ ಬಿಟ್ರೆ ಪುಣ್ಯ ಅಂತಾರೆ, ಮೇಡಂ."

"ಯಾರ್ಗೆ ಸ್ವಾಮಿ ಪುಣ್ಯ? ನೀವು ಬಿಟ್ಬುಟ್ಟು ಹೊಂಟೋಯ್ತೀರಿ. ಬಿಸಿಲು ಕಾಯೋ ಕಲ್ಲಿಂದ ನಮ್ ಆಮೆಗಳ್ನ ಇವು ತಳ್ತವೆ. ಈ ವರ್ಷ ನಮ್ಮವು ಕಂಡಿರೋದು ಎರಡೇ!"

ಅವನ ಕೈಯಲ್ಲಿದ್ದ ಆಮೆ ಕತ್ತು ಚಾಚಿ, "ಸಾಕು" ಎಂದಿತು.

ಅವನ ಮುಖ ಅರಳಿತು. "ಕೇಳಿದ್ರಾ? ನಮ್ಮನೆ ಸಾಕಾಗಿದೆಯಂತೆ ಅದಕ್ಕೆ. ಒಂದು ವಾರದಿಂದ ಇದೇ ಜಪ."

ಪುಟ್ಟತಾಯಮ್ಮ ದಡಕ್ಕನೆ ಎದ್ದಳು. "ಕನ್ನಡ ಬರಕಿಲ್ವಾ ನಿಮ್ಗೆ? ಅದು ಸಾಕಾಯ್ತು ಅಂತಿಲ್ಲ. ನನ್ನ ಸಾಕು, ಕೈಬಿಡಬ್ಯಾಡ ಅಂತ ಗೋಗರೀತಾ ಅದೆ!"

ಅವನು ಬಾಯಿ ತೆರೆಯುವ ಮುನ್ನವೇ, ಕಲ್ಲುಗಳ ಮೇಲಿದ್ದ ಆಮೆಗಳೆಲ್ಲ ಅವನ ಬಕೆಟ್ಟಿನತ್ತ ಕತ್ತು ಚಾಚಿ ಒಂದೇ ದನಿಯಲ್ಲಿ ಹೇಳಿದವು:

"ಸಾಕು."