ಮೂರನೆಯ ಕಟ್ಟು

ಅಮೋಲ ಬಾಟಲಿಯನ್ನು ಪರಸಪ್ಪನ ಮುಂದೆ ಕಲ್ಲಿನ ಮೇಲೆ ಇಟ್ಟ. ಒಳಗೆ ಕಿರುಬೆರಳುದ್ದದ ನಾಲ್ಕು ಗೆಂಡೆಮೀನಿನ ಮರಿ ಆಡುತ್ತಿದ್ದವು.

“ಬಂಜಿ ಮೀನಂತ ಕೊಟ್ಟಿದ್ದಿ ಕಾಕಾ. ಬಂಜಿ ಹಡದೈತಿ. ಹೆಸರಿಡಾಕ ನಿನ್ನ ಕರಿಯಾಕ ಬಂದೇನಿ.”

ಪರಸಪ್ಪ ಕಣ್ಣು ಕಿರಿದು ಮಾಡಿ ನೋಡಿದ. ರಬಕವಿಯ ಹೊಳೆದಂಡೆಯ ಈ ಮೀನುಮರಿ ಕೇಂದ್ರದಲ್ಲಿ ಮೂವತ್ತು ವರ್ಷ ನೀರಲ್ಲಿ ಕೈಯಿಟ್ಟವನು. ಗೆಂಡೆಯೇ ಹೌದು.

ಜಮಖಂಡಿಯ ಅಮೋಲ ತೇರದಾಳದ ಹೊರಗಿನ ಕೆರೆಯನ್ನು ಗುತ್ತಿಗೆ ಹಿಡಿದಿದ್ದ. ಕೆರೆಗೆ ಬಿಟ್ಟ ಗೆಂಡೆಯ ಹುಚ್ಚೇ ಹಡೆಯುವುದು. ಮರಿಗಳು ತುಂಬಿ ಯಾವುದಕ್ಕೂ ಮೇವು ಸಾಲದೆ, ಎಲ್ಲ ಗೇಣುದ್ದಕ್ಕೇ ನಿಂತುಬಿಡುತ್ತವೆ. ಅದಕ್ಕೇ ಬಂಜೆ ಮೀನು. ಮಾಡುವ ಬಗೆಯನ್ನು ಕಾಲೇಜಿನ ಮೇಡಂ ಒಬ್ಬರು ಬಂದು ಕಲಿಸಿದ್ದರು. ಪ್ರತಿ ಜೀವಕ್ಕೆ ವರ್ಣತಂತುಗಳ ಎರಡು ಕಟ್ಟು, ತಾಯಿಯದೊಂದು, ತಂದೆಯದೊಂದು. ಗಂಡಿನ ಬೀಜ ಕೂಡಿದ ತತ್ತಿಯನ್ನು ಐದೇ ನಿಮಿಷಕ್ಕೆ ಮಂಜಿನಂಥ ನೀರಿಗೆ ಇಳಿಸಿದರೆ, ಹೊರಬೀಳಬೇಕಿದ್ದ ತಾಯಿಯ ಇನ್ನೊಂದು ಕಟ್ಟು ಒಳಗೇ ಉಳಿಯುತ್ತದೆ. ಮೂರು ಕಟ್ಟಿನ ಮೀನು ತಿನ್ನುತ್ತದೆ, ಬೆಳೆಯುತ್ತದೆ, ಹಡೆಯುವುದಿಲ್ಲ.

“ಹಂಗಂತ ಎಲ್ಲಾ ಮೀನೂ ಒಂದೇ ಅಲ್ಲ ಕಾಕಾ,” ಎಂದೂ ಮೇಡಂ ಹೇಳಿದ್ದರು. ರಷ್ಯಾ ಕಡೆ ಸ್ಟರ್ಜನ್ ಅನ್ನುವ ಹಿರಿಯ ಮೀನಿದೆಯಂತೆ. ಅದಕ್ಕೆ ಮೊದಲೇ ಕಟ್ಟುಗಳು ಬಹಳ. ಮೇಲೆ ಇನ್ನಷ್ಟು ಕೂಡಿದರೂ ಎಷ್ಟೋ ಸಲ ಹಡೆಯುತ್ತದಂತೆ. ಆಗ ಪರಸಪ್ಪ ನಕ್ಕಿದ್ದ. ಈಗ ಆ ಮಾತು ನೆನಪಾಯಿತು. ನಮ್ಮ ಗೆಂಡೆಯೂ ಆ ವಿದ್ಯೆ ಕಲಿಯಿತೇ?

ಕೇಂದ್ರದ ಮಾಲೀಕ ಗುರುಪಾದ ದನಿ ಏರಿಸಲಿಲ್ಲ. “ಪರಸಣ್ಣ, ಅಮೋಲನ ಮರಿ ಮಾಡಿದ ದಿನ ಬರ್ಫ ತಡಾ ಆಗಿ ಬಂದಿತ್ತಲ್ಲ?”

“ಹೌದ್ರಿ ಸಾವ್ಕಾರ್ರ.”

“ಕರಗಿತ್ತು?”

“ಒಂದೀಟ.”

“ಥಂಡಿ ನೋಡೋ ಕಡ್ಡಿ ಮುರದಿತ್ತು. ನೀರ ಸಾಕಷ್ಟ ಥಂಡಿ ಐತಂತ ಹೆಂಗ ತಿಳೀತು?”

ಪರಸಪ್ಪ ಕೈ ಚಾಚಿದ. ಸುಕ್ಕುಗಟ್ಟಿದ ಆ ಬೆರಳುಗಳನ್ನು ಗುರುಪಾದ ಬಹಳ ಹೊತ್ತು ನೋಡಿದ. ಬೈದಿದ್ದರೆ ಹಗುರಾಗುತ್ತಿತ್ತು.

“ನಾಳಿ ಕೆರಿಗೆ ಹೋಗಿ ನೋಡು. ನಿನ್ನ ಮೀನಾ ಹಡದಾವಂತ ನಿನಗ ಅನಿಸಿದ್ರ ಅಮೋಲಗ ಒಂದ ಕಾಗದ ಬರಕೊಡೂಣು. ತಪ್ಪ ನಿನ್ನ ಕೈದು, ನೀ ಕೆಲಸಾ ಬಿಟ್ಟಿ ಅಂತ. ಕಾಗದಾ ಕೊಡಲಿಲ್ಲಂದ್ರ ಯಾವನೂ ನಮ್ಮ ಮರಿ ಒಯ್ಯಂಗಿಲ್ಲ.”

ಸಂಜೆ ಮನೆಗೆ ಬಂದು ಕಾಲಿಗೆ ನೀರು ಹಾಕಿಕೊಳ್ಳಲು ಹೋದರೆ ಸ್ಟೀಲಿನ ಕೊಡವಿರಲಿಲ್ಲ. ಮಗಳು ಸಂಧ್ಯಾಳ ಮದುವೆಯಲ್ಲಿ ಬೀಗರು ಕೊಟ್ಟ ಕೊಡ. ಕೊರಳ ಮೇಲೆ ಪರಸಪ್ಪ, ಕೆಂಪವ್ವ ಎಂದು ಗಂಡ ಹೆಂಡಿರ ಹೆಸರು ಕೆತ್ತಿಸಿದ್ದರು. ಶಾಲೆಯ ಮುಖ ನೋಡದ ಪರಸಪ್ಪ ಆ ಗೆರೆಗಳ ಮೇಲೆ ಬೆರಳಾಡಿಸಿಯೇ ಸಹಿ ಕಲಿತಿದ್ದ. ಬೇರೆ ಅಕ್ಷರ ಅವನಿಗೆ ಬಾರದು.

“ಕೊಡಾ ಎಲ್ಲಿ ಬೇ?”

“ಗಿರಾಕಿ ಒಯ್ದಾಳ. ತೊಳದ ತಂದ ಕೊಡ್ತಾಳ,” ಎಂದಳು ಕೆಂಪವ್ವ.

ಮಂಜಿನ ತೊಟ್ಟಿಯಲ್ಲಿ ಹಿಡಿಸದೆ, ಥಂಡಿ ತಾಗದೆ ಉಳಿದ ತತ್ತಿಯನ್ನು ಚೆಲ್ಲಲು ಪರಸಪ್ಪನಿಗೆ ಎಂದೂ ಕೈ ಬಂದಿರಲಿಲ್ಲ. ಗುರುಪಾದನನ್ನು ಕೇಳಿಯೇ ತಂದು ಹಿತ್ತಲ ತೊಟ್ಟಿಯಲ್ಲಿ ಬಿಡುತ್ತಿದ್ದ. ಮರಿ ಬೆಳೆದ ಮೇಲೆ ಕೆಂಪವ್ವ ಪೇಟೆಯಲ್ಲಿ ಕೂತು ಮಾರುತ್ತಿದ್ದಳು.

“ಕೊಡಾ ತುಂಬ ಒಯ್ತಾಳ. ಚೌಕಾಶಿ ಇಲ್ಲ. ಒಂದೂ ಸತ್ತಿರಬಾರದು, ಅಷ್ಟ. ಹುಣ್ಣಿಮಿ ಅಮಾಸಿ ಹಿಂದಿನ ದಿನಾ ಮುಂಜಾನಿಗೇ ಬೇಕಂತ. ಹುಣ್ಣಿಮಿಗೆ ತಿನ್ನಂಗಿಲ್ಲಲ್ಲ, ಅದಕ ಮೊದಲಾ ಹೊಟ್ಟಿ ತುಂಬಸ್ಕೋತಾರ.” ಆಕೆ ಗಂಡನ ಮುಖ ನೋಡಿದಳು. “ಏನಾತ್ರಿ? ಉಣ್ಣವಲ್ರಿ.”

“ಕೈ ಮುದುಕ ಆತು,” ಎಂದ ಪರಸಪ್ಪ.

ಮರುದಿನ ಬೆಳಿಗ್ಗೆ ಅಮೋಲ ಕೆರೆಗೆ ಬಲೆ ಬೀಸಿದ. ಪರಸಪ್ಪ ಹತ್ತು ದೊಡ್ಡ ಗೆಂಡೆಗಳ ಹೊಟ್ಟೆ ಸೀಳಿದ. ತತ್ತಿ ಇರಬೇಕಾದಲ್ಲಿ ಬರೀ ದಾರದಂಥ ಎಳೆ. ಹತ್ತೂ ಬಂಜೆ.

“ಹಂಗಾರ ಹನ್ನೊಂದನೇದ ಹಡದಿರಬೇಕು,” ಎಂದು ಅಮೋಲ ದಂಡೆಯ ಜೊಂಡಿಗೆ ಸಣ್ಣ ಬಲೆ ಹಾಕಿದ. ಎತ್ತಿದಾಗ ಹಿಡಿ ತುಂಬ ಮರಿ ಮಿಡುಕಿದವು. “ಇವೇನ ಮುಗಲಿಂದ ಬಿದ್ದಾವನು ಕಾಕಾ?”

ನೂರರಲ್ಲಿ ಒಂದೆರಡು ಥಂಡಿಗೆ ತಪ್ಪಿಸಿಕೊಳ್ಳುತ್ತವೆ ಎಂದು ಮೇಡಂ ಹೇಳಿದ್ದುಂಟು. ನೀರು ಬೆಚ್ಚಗಿದ್ದರೆ ಇನ್ನೂ ಹೆಚ್ಚು. ಆ ದಿನ ತಣ್ಣಗೆ ತಾಗಿದ್ದು ನೀರೋ, ತನ್ನ ಬೆರಳೇ ಜೋಮು ಹಿಡಿದಿತ್ತೋ? ಗುರುಪಾದ ಮೊದಲೇ ಬರೆದುಕೊಟ್ಟಿದ್ದ ಕಾಗದವನ್ನು ಪರಸಪ್ಪ ಮೊಣಕಾಲ ಮೇಲಿಟ್ಟು ಸಹಿ ಮಾಡಿದ. ಮೂವತ್ತು ವರ್ಷ ನಾಲ್ಕಕ್ಷರಕ್ಕೆ ಮುಗಿಯಿತು.

“ಸಿಟ್ಟಾಗಬ್ಯಾಡ ಕಾಕಾ.” ಅಮೋಲ ಕಾಗದ ಮಡಚಿಕೊಂಡು ಗಾಡಿ ಹತ್ತಿ ಹೋದ.

ಪರಸಪ್ಪ ಚಾಕು ತೊಳೆಯುತ್ತ ಕೂತಿದ್ದಾಗ ಕೆರೆಯ ಮೆಟ್ಟಿಲಿಳಿದು ಬಿಳಿ ಸೀರೆಯ ಹೆಂಗಸೊಬ್ಬಳು ಬಂದಳು. ತೇರದಾಳದ ಜೈನರ ಮನೆಯ ರಾಜಮತಿ. ಬಸದಿಯಿಂದ ನೇರ ಬಂದಿದ್ದಳು, ಹಣೆಯ ಗಂಧ ಇನ್ನೂ ಹಸಿ. ಟೊಂಕದ ಮೇಲೊಂದು ಕೊಡ. ಚಾಕು ಕಂಡು ಮುಖ ತಿರುಗಿಸಿದಳು.

“ಅಣ್ಣಾ, ಒಂದೀಟ ಆಚಿಗೆ ಸರೀತೀರೇನ? ಇವತ್ತ ಚತುರ್ದಶಿ.”

ಪರಸಪ್ಪ ಸರಿದ. ಆಕೆ ಮೊಣಕಾಲೂರಿ ಕೊಡವನ್ನು ಮೆಲ್ಲಗೆ ನೀರಿಗೆ ಬಾಗಿಸಿದಳು. ಬೆಳ್ಳಗೆ ಹೊಳೆದು ನೂರಾರು ಗೆಂಡೆಮರಿ ಜೊಂಡಿನ ಕಡೆ ಓಡಿದವು.

“ಹೋಗ್ರೆವ್ವಾ, ಬದಕ್ರಿ.”

ಖಾಲಿ ಕೊಡವನ್ನು ಆಕೆ ತೊಳೆದು ಮೆಟ್ಟಿಲ ಮೇಲೆ ಇಟ್ಟಳು. ಲೋಕದಲ್ಲಿ ಎರಡೇ ಹೆಸರು ಓದಬಲ್ಲ ಪರಸಪ್ಪ, ಅದರ ಕೊರಳ ಮೇಲೆ ಎರಡನ್ನೂ ಓದಿದ.