ಒಡಪು ಒಪ್ಪದ ಯಂತ್ರ

ಈರಸಂಗಪ್ಪ ಆಸ್ಪತ್ರೆಯಲ್ಲಿ ತೀರಿಕೊಂಡ ಸುದ್ದಿ ಮುಟ್ಟಿದ ದಿನವೇ ಅವನ ಹೆಂಡತಿ ಸಂಗವ್ವನಿಗೆ ಊರ ಕ್ಲಸ್ಟರಿನ ಕಚೇರಿಯಿಂದ ಚೀಟಿ ಬಂತು. ಊರಿನವರೆಲ್ಲರ ನೆನಪೂ ಮಾತೂ ಆ ಕ್ಲಸ್ಟರಿನಲ್ಲಿ, ಎಂದರೆ ಒಟ್ಟಿಗೆ ಜೋಡಿಸಿದ ಗಣಕಯಂತ್ರಗಳಲ್ಲಿ, ತಲೆಗೊಂದು ಕಂಟೇನರಿನಂತೆ ಬೇರೆಬೇರೆ ಗೂಡುಗಳಲ್ಲಿ ಓಡುತ್ತಿದ್ದವು. ಸತ್ತವರದನ್ನು ಮನೆಯವರೇ ಮೂರು ದಿನದೊಳಗೆ ಕಮಾಂಡು ಬರೆದು ಮಲಗಿಸಬೇಕು. ಇಲ್ಲವಾದರೆ ಅದು ತನ್ನಷ್ಟಕ್ಕೆ ತಾನೇ ಎದ್ದೆದ್ದು ಕೂತು ಮಾತಾಡುತ್ತಲೇ ಇರುತ್ತದೆ.

ಮೂರನೆಯ ದಿನ ಸಂಗವ್ವ ಕಚೇರಿಯಲ್ಲಿ ಕೂತಳು, ಎದ್ದಳು, ಮತ್ತೆ ಕೂತಳು. ಗೋಡೆಯ ಪೆಟ್ಟಿಗೆಯೊಳಗಿಂದ ಗಂಡನ ದನಿ, "ಊಟಾತೇನ? ಊಟಾತೇನ?" ಎಂದು ಕೇಳುತ್ತಲೇ ಇತ್ತು.

ಕಚೇರಿಯ ಕಾಶಿಂಬಿ ಅವಳ ಹೆಸರಿಗೆ ಪರವಾನಗಿ ತೆರೆದುಕೊಟ್ಟು, "ಇಲ್ಲಿ ಯಜಮಾನ್ರ ಹೆಸರ ಬರೀರಿ, ಅಮ್ಮಾರ," ಎಂದಳು.

ಸಂಗವ್ವ ಒಂದೊಂದೇ ಅಕ್ಷರ ಒತ್ತಿದಳು: "ಹರಿವಾಣದಾಗ ಗೋದಿ ಹುಗ್ಗಿ, ಈರಸಂಗಪ್ಪನವರ ಹೆಸರ ಹೇಳತೀನಿ ಹಿಗ್ಗಿ."

'ಇಂಥ ಹೆಸರಿನವರಿಲ್ಲ' ಎಂದಿತು ಯಂತ್ರದ ತೆರೆ.

ಕಾಶಿಂಬಿಗೆ ನಗು ತಡೆಯಲಾಗಲಿಲ್ಲ. "ಒಡಪ ಹಾಕೀರಲ್ರೀ! ಇದೇನ ಮದಿವ್ಯಾಗ ಗಂಡನ ಹೆಸರ ಕೇಳೂ ನಿಮ್ಮ ಬೀಗತೀನ? ಅದಕ್ಕ ಬರೇ ಹೆಸರ ಬೇಕ್ರಿ. ನಾನ ಬರೀಲೇನು?"

"ಬ್ಯಾಡವಾ. ಬರೇ ಹೆಸರ ತಗೊಂಡ್ರ ಗಂಡನ ಆಯುಷ್ಯ ಕಡಿಮಿ ಆಕ್ಕೈತಿ ಅಂತ ನಲವತ್ತ ವರ್ಷ ತಡದೇನಿ. ಇವತ್ತ ಅದs ಆಗಬೇಕಲ್ಲ."

ಅವಳು ಬರಿಯ ಹೆಸರು ಬರೆದಳು, ಮುಂದೆ 'ನಿಲ್ಲಿಸು' ಎಂದು ಸೇರಿಸಿದಳು. ಬೆಳಗಿನಿಂದ ಏನೂ ತಿಂದಿರದಿದ್ದರೂ ಪೆಟ್ಟಿಗೆಯ ಕಡೆ ತಿರುಗಿ, "ಆತ್ರಿ, ಉಂಡೀನಿ," ಎಂದು ಗುಂಡಿ ಒತ್ತಿದಳು. ದನಿ ನಿಂತಿತು.

ಸಂಗವ್ವ ಕೊರಳ ಲಿಂಗವನ್ನು ಅಂಗೈಯಲ್ಲಿ ಹಿಡಿದು ಕಣ್ಣು ಮುಚ್ಚಿದಳು. "ಶಿವನೇ, ಅವರನ್ನ ನಿನ್ನ ಪಾದದಾಗ ಇಟಗೋ. ಇನ್ನ ಯಾರ ಕರದ್ರೂ ಅವರಿಗೆ ಎಚ್ಚರಾಗದಿರಲಿ."